ಇಬ್ಬರಿಗೂ ಒಂದೇ ತವರು

ಜೇವರ್ಗಿ
11 ಜುಲೈ 1982

ಚಿ. ಕಾಶಿಬಾಯಿಗೆ ನಿನ್ನ ಸೋದರತ್ತೆ ಹೀರಾಬಾಯಿ ಸಿಟ್ಟಿನಲ್ಲೇ ಮಾಡುವ ಆಶೀರ್ವಾದ.

ನೀನು ಮುಂಬಯಿಯಲ್ಲಿ ಮಕ್ಕಳ ಡಾಕ್ಟರ್ ಪರೀಕ್ಷೆ ಪಾಸಾದೆ ಎಂದು ಇಜೇರಿಯಿಂದ ನಿಮ್ಮಪ್ಪ ಬಂದು ಹೇಳಿದ. ನನ್ನ ತಮ್ಮ ಚಂದ್ರಾಮಪ್ಪ ಯಾವ ಸುದ್ದಿಯನ್ನೂ ಪೂರ್ತಿ ಹೇಳಿದವನಲ್ಲ, ಅರ್ಧ ನುಂಗಿಕೊಳ್ಳುತ್ತಾನೆ. ನಾನು ಓಣಿಗೆಲ್ಲ ಸಕ್ಕರೆ ಹಂಚಿ ಬಂದ ಮೇಲೆ ಮೆಲ್ಲಗೆ ಬಾಯಿ ಬಿಟ್ಟ. ನೀನು ಊರಿಗೆ ಬರುವುದಿಲ್ಲವಂತೆ, ದೆಹಲಿಗೆ ಹೋಗಿ ಇನ್ನೂ ಎರಡು ವರ್ಷ ಓದುತ್ತೀಯಂತೆ. ಹಂಚಿದ ಸಕ್ಕರೆಯನ್ನು ವಾಪಸು ಕೇಳಲು ಬರುತ್ತದೆಯೇ?

ಪಕ್ಕದ ಮನೆ ಮದೀನಾಬಿ ಕೇಳಿದಳು, "ಕಾಶಿ ಈಗೇನ್ ಓದಾಕ ಹೊಂಟಾಳ್ರಿ ಬಾಯಿ?" ನಿಮ್ಮಪ್ಪ ಹೇಳಿದ್ದನ್ನೇ ಹೇಳಿದೆ, "ಮಕ್ಕಳ ಬ್ಯಾನಿ ಹುಟ್ಟೂಕಿಂತ ಮೊದಲ ಯಾರ ಮನ್ಯಾಗ ಇತ್ತು ಅಂತ ಹುಡುಕೂ ವಿದ್ಯಾ." ಅವಳು, "ಯಾ ಅಲ್ಲಾ, ಹಂಗಾದ್ರ ಅದು ಮುಗಿಯೂದು ಯಾವಾಗ್ರಿ?" ಎಂದಳು. ನನ್ನದೂ ಅದೇ ಪ್ರಶ್ನೆ.

ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನಲ್ಲಿ ನಾನು ಕೂಡಿಸಿದ ನೆಂಟಸ್ತನಗಳಿಗೆ ಲೆಕ್ಕವಿಲ್ಲ. ಯಾರ ಮನೆಯಲ್ಲಿ ಯಾರ ಮಗಳಿದ್ದಾಳೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಸೋತದ್ದು ನಿನ್ನೊಬ್ಬಳ ಮುಂದೆ. ನನ್ನ ಮಗ ಜಗದೇವಪ್ಪನಿಗೆ ನೀನೇ ಎಂದು ನೀನು ತೊಟ್ಟಿಲಲ್ಲಿದ್ದಾಗಲೇ ಮಾತಾಡಿಕೊಂಡಿದ್ದೆವು. ನೀನು ಪುಸ್ತಕ ಎತ್ತಿಕೊಂಡು ಓಡಿದೆ, ನಿನ್ನ ತಂಗಿ ಗಂಗಾಬಾಯಿ ನನ್ನ ಸೊಸೆಯಾದಳು. ನಷ್ಟವೇನೂ ಆಗಿಲ್ಲ, ಗಂಗಿ ಬಂಗಾರದಂಥ ಹುಡುಗಿ. ಆದರೂ ನಿನ್ನ ಮೇಲಿನ ಸಿಟ್ಟನ್ನು ನಾನು ಯಾಕೆ ಬಿಡಲಿ?

ಮೊಮ್ಮಗ ಶಿವರಾಯನಿಗೆ ಎರಡು ತುಂಬಿತು. ಓಡುತ್ತಾನೆ, ಕಚ್ಚುತ್ತಾನೆ, ನಗುತ್ತಾನೆ. ಮಾತು ಇನ್ನೂ ಬಂದಿಲ್ಲ. ಅವನಪ್ಪನಿಗೂ ತಡವಾಗಿಯೇ ಬಂತು, ಈಗಲೂ ಎಲ್ಲಿ ಆಡುತ್ತಾನೆ? ಚಿಂತೆ ಮಾಡಬೇಡ.

ಅಫಜಲಪುರದಲ್ಲಿ ಒಬ್ಬ ವರ ಇದ್ದಾನೆ. ಓದಿದ್ದಾನೆ, ಕನ್ನಡಕವಿದೆ. ಉತ್ತರ ಬರೆ.

ಹೀರಾಬಾಯಿ

---

ದೆಹಲಿ
2 ಸೆಪ್ಟೆಂಬರ್ 1982

ಪ್ರೀತಿಯ ಅತ್ತೆಗೆ, ಕಾಶಿಯ ಶರಣು.

ಕನ್ನಡಕ ನನಗೂ ಇದೆ. ಒಂದು ಮನೆಗೆ ಒಂದು ಸಾಕು.

ನಾನಿಲ್ಲಿ ಏನು ಮಾಡುತ್ತೇನೆಂದು ಕೇಳಿದರೆ ನೀವು ನಗುತ್ತೀರಿ. ದಿನವಿಡೀ ಕತ್ತರಿ ಹಿಡಿದು ಕೂರುತ್ತೇನೆ. ನಮ್ಮ ಮೈಯ ಕಣಕಣದಲ್ಲೂ ದಾರದ ತುಣುಕಿನಂಥ ವರ್ಣತಂತುಗಳಿರುತ್ತವೆ. ಅರ್ಧ ತಂದೆಯದು, ಅರ್ಧ ತಾಯಿಯದು. ಮಗುವಿನ ರಕ್ತ ತೆಗೆದು, ಮೂರು ದಿನ ಬೆಚ್ಚಗಿಟ್ಟು ಬೆಳೆಸಿ, ಸೂಕ್ಷ್ಮದರ್ಶಕದಲ್ಲಿ ಅವುಗಳ ಫೋಟೋ ತೆಗೆಯುತ್ತೇವೆ. ಆಮೇಲೆ ಒಂದೊಂದನ್ನೂ ಕತ್ತರಿಸಿ, ಉದ್ದಕ್ಕೆ ಉದ್ದ, ಗಿಡ್ಡಕ್ಕೆ ಗಿಡ್ಡ ಹುಡುಕಿ, ಜೋಡಿ ಮಾಡಿ ಅಂಟಿಸಬೇಕು. ನಿಮ್ಮ ಕೆಲಸವೇ, ಅತ್ತೆ. ವ್ಯತ್ಯಾಸವಿಷ್ಟೇ, ಇಲ್ಲಿ ಯಾರೂ ವರದಕ್ಷಿಣೆ ಕೇಳುವುದಿಲ್ಲ. ನಿನ್ನೆ ನಾನು ಸೀನಿದ ರಭಸಕ್ಕೆ ಒಬ್ಬ ಹುಡುಗನ ಜೋಡಿಗಳೆಲ್ಲ ಹಾರಿದವು. ಸಂಜೆಯವರೆಗೆ ಮೇಜಿನ ಕೆಳಗೆ ತೆವಳಿದೆ. ಮಕ್ಕಳ ಅಂಗೈಗೆ ಮಸಿ ಹಚ್ಚಿ ಗೆರೆಗಳ ಅಚ್ಚನ್ನೂ ತೆಗೆಯುತ್ತೇವೆ. ಕೆಲವು ತೊಂದರೆಗಳು ಅಂಗೈಗೆರೆಯಲ್ಲೂ ಗುರುತು ಬಿಟ್ಟಿರುತ್ತವೆ.

ಕಷ್ಟದ ಕೆಲಸ ಬೇರೆಯೇ. ಮೊನ್ನೆ ಮೊದಲ ಸಲ ಒಬ್ಬ ತಾಯಿಗೆ ಮಗುವಿನ ವಿಷಯ ಹೇಳುವ ಸರದಿ ನನ್ನದಾಗಿತ್ತು. ಅರ್ಧ ಗಂಟೆ ಚೆನ್ನಾಗಿ ವಿವರಿಸಿದೆ ಎಂದುಕೊಂಡೆ. ಅವಳು ಎಲ್ಲ ಕೇಳಿ, "ಹಾಗಾದರೆ ತಪ್ಪು ನನ್ನದೇ?" ಎಂದಳು. ಹೊರಗೆ ಬಂದ ಮೇಲೆ ನನ್ನ ಪ್ರೊಫೆಸರ್ ಹೇಳಿದರು, "ಉತ್ತರ ಆಮೇಲೆ. ಕೇಳುತ್ತಿರುವವರು ಯಾರು, ಯಾಕೆ ಕೇಳುತ್ತಿದ್ದಾರೆ ಎಂದು ಮೊದಲು ತಿಳಿದುಕೊ. ಇಲ್ಲಿನ ಮೊದಲ ಪಾಠ ಅದು."

ಶಿವೂನ ಬೆನ್ನ ಹಿಂದೆ ನಿಂತು ಹಿತ್ತಾಳೆ ತಾಟು ಬಡಿಯಿರಿ. ತಿರುಗಿ ನೋಡುತ್ತಾನೋ ಇಲ್ಲವೋ ನನಗೆ ಬರೆಯಿರಿ. ಮರೆಯಬೇಡಿ.

ಕಾಶಿ

---

ಜೇವರ್ಗಿ
20 ಅಕ್ಟೋಬರ್ 1982

ಕಾಶಿ,

ಕೈ ನೋಡಿ ಭವಿಷ್ಯ ಹೇಳುವುದನ್ನು ಕಲಿಯಲು ದೆಹಲಿಯವರೆಗೆ ಹೋಗಬೇಕಿತ್ತೇ? ಗಾಣಗಾಪುರದ ಗುಡಿಯ ಮುಂದೆ ಬೇಕಾದಷ್ಟು ಜನ ಕೂತಿರುತ್ತಾರೆ. ಈ ವಿಷಯವನ್ನು ನಾನು ಮದೀನಾಬಿಯೊಬ್ಬಳಿಗೆ ಹೇಳಿದೆ, ಅಷ್ಟೇ. ಈಗ ನೀನು ದೀಪಾವಳಿಗೆ ಯಾವಾಗ ಬರುತ್ತೀ ಎಂದು ಅರ್ಧ ಜೇವರ್ಗಿ ಅಂಗೈ ತೊಳೆದುಕೊಂಡು ಕಾಯುತ್ತಿದೆ. ಬಸ್ ಸ್ಟ್ಯಾಂಡಿನ ಚಹಾದಂಗಡಿಯವನಿಗೆ ವರ್ಗಾವಣೆಯ ಯೋಗವಿದೆಯೇ ಎಂದು ಕೇಳಬೇಕಂತೆ. ಅಂಗಡಿಯವನಿಗೆ ಎಂಥ ವರ್ಗಾವಣೆಯೋ.

ತಾಟು ಬಡಿದೆವು. ಶಿವು ತಿರುಗಲಿಲ್ಲ. ಕೊಡ ಬಡಿದೆವು, ಜಾಗಟೆ ಬಡಿದೆವು. ಓಣಿಯ ನಾಯಿಗಳೆಲ್ಲ ಬಂದವು, ಅವನು ಮಾತ್ರ ಗೋಡೆಯ ಮೇಲಿನ ಇರುವೆಗಳನ್ನು ನೋಡುತ್ತ ಕೂತಿದ್ದ. ಗಾಣಗಾಪುರಕ್ಕೂ ಹೋಗಿ ಬಂದೆವು. ಗುಲ್ಬರ್ಗದ ಕಿವಿ ಡಾಕ್ಟರು ಹುಟ್ಟಾ ಕಿವುಡು ಎಂದರು.

ಕಾರಣ ನನಗೆ ಗೊತ್ತು. ಎರಡು ವರ್ಷದ ಹಿಂದೆ ದೊಡ್ಡ ಸೂರ್ಯಗ್ರಹಣ ಆಯಿತಲ್ಲ, ಆಗ ಗಂಗಿ ಬಸುರಿ. ಒಳಗೆ ಕೂರು ಎಂದಿದ್ದೆ. ಒಣಹಾಕಿದ ಸೀರೆ ತೆಗೆಯಲು ಅಂಗಳಕ್ಕೆ ಹೋದಳು. ಒಂದು ಸೀರೆಗೋಸ್ಕರ! ಬೈಯಬಾರದೆಂದು ಹಲ್ಲು ಕಚ್ಚಿಕೊಂಡಿದ್ದೇನೆ, ಆದರೆ ಹಲ್ಲು ಎಷ್ಟು ದಿನ ತಡೆಯುತ್ತದೆ?

ಮಗು ಮಾತ್ರ ಬಲು ಚೂಟಿ. ಜಗದೇವ ಅವನಿಗಾಗಿ ಕೈಸನ್ನೆ ಕಟ್ಟಿದ್ದಾನೆ. ಗಲ್ಲ ಸವರಿದರೆ ಹಾಲು, ಎರಡು ಬೆರಳು ಹಣೆಗಿಟ್ಟರೆ ಎಮ್ಮೆ, ಮೂಗು ಹಿಡಿದರೆ ನಾನು. ನನ್ನ ನಶ್ಯದ ಚಟ ಅವನಿಗೂ ಗೊತ್ತಾಗಿದೆ.

ಹೀರಾಬಾಯಿ

---

ದೆಹಲಿ
9 ನವೆಂಬರ್ 1982

ಅತ್ತೆ,

ಪತ್ರ ಓದಿ ಅತ್ತುಬಿಟ್ಟೆ. ಆಮೇಲೆ ಮೂಗು ಹಿಡಿಯುವ ಸಾಲು ಬಂದು ನಕ್ಕೆ.

ಗ್ರಹಣದ ಮಾತು ಬಿಡಿ. ಆ ದಿನ ಬಸುರಿಯಾಗಿದ್ದವರು ಜೇವರ್ಗಿಯಲ್ಲಿ ಗಂಗಿಯೊಬ್ಬಳೇ ಅಲ್ಲ. ಬಿಸಿಲಲ್ಲೇ ಹೊಲಕ್ಕೆ ಹೋದವರ ಮಕ್ಕಳೆಲ್ಲ ಚೆನ್ನಾಗಿ ಕಿವಿ ಕೇಳಿಸಿಕೊಂಡು ನಿಮ್ಮ ಹಿತ್ತಲಲ್ಲಿ ಪೇರಲಕಾಯಿ ಕದಿಯುತ್ತಿದ್ದಾರೆ.

ಹೀಗೆ ಯೋಚಿಸಿ. ಕೇಳಿಸುವ ಶಕ್ತಿಗೆ ಅಪ್ಪನಿಂದ ಒಂದು ಚೀಟಿ, ಅವ್ವನಿಂದ ಒಂದು ಚೀಟಿ ಬರುತ್ತದೆ. ಎರಡರಲ್ಲಿ ಒಂದು ಸರಿಯಿದ್ದರೂ ಕಿವಿ ಕೇಳುತ್ತದೆ. ಜಗದೇವ ಮಾವನ ಹತ್ತಿರ ಒಂದು ಕೆಟ್ಟ ಚೀಟಿ ಇದೆ, ಗಂಗಿಯ ಹತ್ತಿರವೂ ಒಂದಿದೆ. ಇಬ್ಬರಿಗೂ ಗೊತ್ತಿಲ್ಲ, ಇಬ್ಬರ ಕಿವಿಯೂ ಸರಿಯಾಗಿದೆ. ಶಿವೂಗೆ ಎರಡೂ ಕೆಟ್ಟವೇ ಬಂದವು. ಪ್ರತಿ ಬಸಿರಿನಲ್ಲೂ ಹಾಗಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು, ಆಗದಿರುವುದು ನಾಲ್ಕರಲ್ಲಿ ಮೂರು. ಒಂದೇ ಹಿರಿಯರ ಮೊಮ್ಮಕ್ಕಳು ಮದುವೆಯಾದಾಗ ಅದೇ ಕೆಟ್ಟ ಚೀಟಿ ಎರಡೂ ಕಡೆ ಇರುವುದು ಹೆಚ್ಚು. ನಾನು ಆ ಮನೆಗೆ ಸೊಸೆಯಾಗಿ ಬಂದಿದ್ದರೂ ಇದೇ ಆಗಬಹುದಿತ್ತು. ತಪ್ಪು ಯಾರದೂ ಅಲ್ಲ.

ನಾವಿಲ್ಲಿ ಪ್ರತಿ ಮನೆತನವನ್ನೂ ಚಿತ್ರವಾಗಿ ಬರೆಯುತ್ತೇವೆ. ಗಂಡಿಗೆ ಚೌಕ, ಹೆಣ್ಣಿಗೆ ಸುತ್ತು, ಸಂಬಂಧದೊಳಗೆ ಮದುವೆಯಾದರೆ ನಡುವೆ ಜೋಡಿ ಗೆರೆ. ನಮ್ಮ ಮನೆಯದನ್ನು ಬರೆಯಲು ಹೋದೆ, ಜೋಡಿ ಗೆರೆಗಳೇ ತುಂಬಿ ಹಾಳೆ ಏಣಿಯಾಯಿತು. ಹಳೆಯ ಹೆಣ್ಣುಮಕ್ಕಳ ಹೆಸರು ನನಗೆ ಗೊತ್ತಿಲ್ಲ. ಜೊತೆಗಿಟ್ಟ ಹಾಳೆಯ ಖಾಲಿ ಸುತ್ತುಗಳನ್ನು ತುಂಬಿ ಕಳಿಸಿ.

ಶಿವೂಗೆ ಕಿವಿಯ ಯಂತ್ರ, ಶಾಲೆ, ಎಲ್ಲ ಇದೆ. ಮಾವನ ಕೈಸನ್ನೆಯನ್ನು ನೀವೆಲ್ಲರೂ ಕಲಿಯಿರಿ.

ಕಾಶಿ

---

ಜೇವರ್ಗಿ
8 ಫೆಬ್ರುವರಿ 1984

ಕಾಶಿ,

ಬಹಳ ದಿನ ಬರೆಯಲಿಲ್ಲ, ಕೆಲಸ. ನಿನ್ನ ಸುತ್ತುಗಳನ್ನು ತುಂಬಲಾಗಲಿಲ್ಲ. ಹೆಣ್ಣುಮಕ್ಕಳು ಎಲ್ಲೆಲ್ಲಿಗೆ ಹೋದರೋ, ಅವರನ್ನು ಯಾರು ನೆನಪಿಡುತ್ತಾರೆ?

ಗಂಗಿ ಇಜೇರಿಗೆ ಹೋಗಿದ್ದಾಳೆ, ಸ್ವಲ್ಪ ಆರಾಮ ಮಾಡಿಕೊಳ್ಳಲಿ ಎಂದು. ಶಿವೂನೂ ಅವಳ ಜೊತೆಗಿದ್ದಾನೆ. ಎಲ್ಲರೂ ಚೆನ್ನಾಗಿದ್ದೇವೆ.

ಒಂದು ಸಣ್ಣ ಮಾತು. ಗೊತ್ತಿದ್ದ ಮನೆಯವರೊಬ್ಬರು ಕೇಳುತ್ತಿದ್ದಾರೆ. ಹುಡುಗ ಏನೂ ಸಂಬಂಧವಿಲ್ಲದ ಮನೆಯ ಹೆಣ್ಣನ್ನು ತಂದರೆ ಮಕ್ಕಳು ಸರಿಯಾಗಿರುತ್ತವೆಯೇ? ನೀನು ಡಾಕ್ಟರ್, ಒಂದು ಮಾತು ಬರೆದರೆ ಅವರಿಗೆ ಧೈರ್ಯ.

ಹೀರಾಬಾಯಿ

---

ದೆಹಲಿ
21 ಫೆಬ್ರುವರಿ 1984

ಅತ್ತೆ! ಅತ್ತೆ!

ನೀವು ಗುಟ್ಟು ಮಾಡಿದರೆ ನನಗೆ ಗೊತ್ತಾಗುವುದಿಲ್ಲವೇ? ಗಂಗಿ ಆರಾಮಕ್ಕೆ ತವರಿಗೆ ಹೋಗಿದ್ದಾಳೆ, ಶಿವೂನನ್ನೂ ಕರೆದುಕೊಂಡು! ಎಷ್ಟು ತಿಂಗಳು? ಆ ಗುಮ್ಮನಗುಸಕಿ ನನಗೊಂದು ಕಾರ್ಡೂ ಹಾಕಿಲ್ಲ. ನಾಲ್ಕರಲ್ಲಿ ಮೂರು ನಮ್ಮ ಕಡೆಗಿದೆ ಎಂದು ಹೇಳಿ. ನಾಲ್ಕನೆಯದೇ ಬಂದರೂ ಶಿವೂಗೊಂದು ಜೊತೆಯಾಯಿತು. ಅವಳಿಗೆ ಹುಣಸೆಹಣ್ಣು ಕದ್ದು ತಿನ್ನಬೇಡ ಎನ್ನಿ.

ನಿಮ್ಮ ಗೊತ್ತಿದ್ದ ಮನೆಯವರಿಗೆ ಧಾರಾಳವಾಗಿ ಹೇಳಿ, ಸಂಬಂಧವೇ ಇಲ್ಲದ ಮನೆಯ ಹೆಣ್ಣಾದರೆ ಇಂಥ ಭಯ ಬಹಳ ಕಡಿಮೆ. ನೆಂಟಸ್ತನ ಕೂಡಿಸುವ ಮೊದಲು ನನ್ನ ಅತ್ತೆ ಹೀಗೆ ಕೇಳುತ್ತಿದ್ದಾರೆ ಎಂದು ಪ್ರೊಫೆಸರಿಗೆ ಹೇಳಿದೆ. ಅವರಿಗೂ ಖುಷಿಯಾಯಿತು.

ಕುಣಿಯುತ್ತಿರುವ
ಕಾಶಿ

---

ಜೇವರ್ಗಿ
5 ಮಾರ್ಚ್ 1984

ಕಾಶಿ,

ಗಂಗಿ ಬಸುರಿಯಲ್ಲ.

ನಿನ್ನ ಪತ್ರವನ್ನು ಮನೆಯ ಹಿರಿಯ, ನನ್ನ ಮೈದುನ ಶಾಂತಲಿಂಗಪ್ಪ, ಎಲ್ಲರ ಮುಂದೆ ಓದಿದ. ಬಸಿರಿನ ಮಾತನ್ನು ಬಿಟ್ಟು ಕೊನೆಯದನ್ನು ಮಾತ್ರ. "ಡಾಕ್ಟರಕಿನs ಹೇಳ್ಯಾಳ, ಇನ್ನೇನ್ ಬೇಕು?" ಎಂದ. ಮನೆಗೆ ಒಬ್ಬನೇ ಮಗ, ವಂಶ ಮುಂದೆ ನಡೆಯಬೇಕು. ಗಂಗಿಯನ್ನು ಕಳಿಸಿ ಈಗ ಮೂರು ತಿಂಗಳಾಯಿತು. ಅವಳಿಗೆ ಅನ್ನ ಬಟ್ಟೆಗೆ ಕಡಿಮೆ ಮಾಡುವುದಿಲ್ಲ. ಆಳಂದದ ಕಡೆ ಒಂದು ಹೆಣ್ಣಿದೆ. ಕುಲದ ಬೆಡಗು ಬೇರೆ, ಮನೆತನ ಬೇರೆ, ಮೂರು ತಲೆಮಾರಿನಲ್ಲಿ ನಮಗೂ ಅವರಿಗೂ ಕೊಟ್ಟು ತಂದದ್ದಿಲ್ಲ. ಇಪ್ಪತ್ತಾರಕ್ಕೆ ನೋಡಲು ಹೋಗುತ್ತೇವೆ.

ಜಗದೇವ ಏನೂ ಅನ್ನಲಿಲ್ಲ. ಅವನು ಯಾವಾಗ ಏನು ಅಂದಿದ್ದಾನೆ? ನೀನೂ ಅನ್ನಬೇಡ. ನಿನ್ನ ಮಾತನ್ನೇ ನಡೆಸುತ್ತಿದ್ದೇವೆ.

ಹೀರಾಬಾಯಿ

---

ದೆಹಲಿ
13 ಮಾರ್ಚ್ 1984

ಅತ್ತೆ,

ಕೇಳುತ್ತಿರುವವರು ಯಾರು ಎಂದು ಮೊದಲು ತಿಳಿದುಕೊ ಎಂದು ನನಗೆ ಕಲಿಸಿದ್ದರು. ನಾನು ಕೇಳಲಿಲ್ಲ. ನನ್ನ ತಂಗಿಯನ್ನು ಹೊರಗೆ ಹಾಕಲು ನನ್ನ ಕೈಯಲ್ಲೇ ಬರೆಸಿಕೊಂಡಿರಿ.

ಈಗ ಇದನ್ನೂ ಎಲ್ಲರ ಮುಂದೆ ಓದಿಸಿ. ಕೆಟ್ಟ ಚೀಟಿ ಒಂದು ಗಂಗಿಯದಾದರೆ ಇನ್ನೊಂದು ನಿಮ್ಮ ಮಗನದು. ಗಂಗಿಯನ್ನು ಕಳಿಸುವುದಾದರೆ ಅವನನ್ನೂ ಎಲ್ಲಿಗಾದರೂ ಕಳಿಸಿ. ಹೊಸ ಹೆಣ್ಣು ಬಂದರೂ ಅವನ ಚೀಟಿ ಅವನ ಹತ್ತಿರವೇ ಇರುತ್ತದೆ. ಶಿವು ಕೆಟ್ಟುಹೋದ ಮಗುವಲ್ಲ, ಅವನ ಬದಲಿಗೆ ಇನ್ನೊಂದನ್ನು ತರಲು. ಮೂಗು ಹಿಡಿದು ನಿಮ್ಮನ್ನು ಕರೆಯುವ ಆ ಹುಡುಗ ಇಜೇರಿಯಲ್ಲಿ ಯಾರನ್ನು ಹಾಗೆ ಕರೆಯುತ್ತಾನೆ, ಒಮ್ಮೆ ಯೋಚಿಸಿ.

ಪರೀಕ್ಷೆಗೆ ಹದಿನೈದು ದಿನವಿದೆ, ಇಲ್ಲದಿದ್ದರೆ ಈ ಪತ್ರದ ಬದಲು ನಾನೇ ಬರುತ್ತಿದ್ದೆ.

ಕಾಶಿಬಾಯಿ

---

ಜೇವರ್ಗಿ
2 ಏಪ್ರಿಲ್ 1984

ಕಾಶಿ,

ಕೂತು ಓದು. ಪತ್ರ ಉದ್ದವಾಗುತ್ತದೆ.

ನಿನ್ನ ಪತ್ರವನ್ನು ನಾನು ಯಾರಿಗೂ ಓದಿಸಲಿಲ್ಲ, ಕುಪ್ಪಸದಲ್ಲಿಟ್ಟುಕೊಂಡೇ ಆಳಂದಕ್ಕೆ ಹೋದೆ. ನಾನು, ಶಾಂತಲಿಂಗಪ್ಪ, ಜಗದೇವ. ಒಳ್ಳೆಯ ಮನೆ, ಸುಸಲಾ, ಬಜಿ, ಚಹಾ. ಚಹಾ ತಂದವನು ಹುಡುಗಿಯ ಚಿಕ್ಕಪ್ಪ, ನಲವತ್ತರ ಗಟ್ಟಿ ಆಳು. ಅವನ ಹೆಸರನ್ನು ಯಾರೂ ಹೇಳಲಿಲ್ಲ. ಮನೆಯಲ್ಲಿ ಊನವಿರುವವರನ್ನು ಮರೆಮಾಡಿ ಹೆಣ್ಣು ತೋರಿಸುವ ಆಟವನ್ನು ನಾನೂ ಆಡಿಸಿದವಳು. ನನಗೆ ಆಗಲೇ ಸಂಶಯ ಬರಬೇಕಿತ್ತು. ಜಗದೇವನಿಗೆ ಸಕ್ಕರೆ ಹೆಚ್ಚಾಗಿತ್ತೇನೋ, ಎಂದಿನ ರೂಢಿಯಲ್ಲಿ ಬಾಯಿ ಬಿಡದೆ ಕೈಯಲ್ಲೇ ಬೇಡವೆಂದ. ಆ ಮನುಷ್ಯನ ಮುಖ ಅರಳಿತು. ಅವನೂ ಕೈಯಲ್ಲೇ ಏನೋ ಕೇಳಿದ. ಇವನು ಎರಡು ಬೆರಳು ಹಣೆಗಿಟ್ಟ. ಅವನೂ ಎರಡು ಬೆರಳು ಹಣೆಗಿಟ್ಟು ಐದು ಬೆರಳು ತೋರಿಸಿದ. ಐದು ಎಮ್ಮೆ! ಇಬ್ಬರೂ ಮೂಲೆಗೆ ಹೋಗಿ ಕೂತು ಹರಟಿದ್ದೇ ಹರಟಿದ್ದು. ನನ್ನ ಮಗ ಅಷ್ಟು ಮಾತಾಡಿದ್ದನ್ನು, ಅಷ್ಟು ನಕ್ಕಿದ್ದನ್ನು ನಾನು ಹೆತ್ತಾಗಿನಿಂದ ಕಂಡಿಲ್ಲ. ಹುಡುಗಿ ಬಂದು ಕೂತು ಎದ್ದು ಹೋದಳು, ಇವನು ತಿರುಗಿಯೂ ನೋಡಲಿಲ್ಲ.

ಕೇಳಿದರೆ, ಆ ಚಿಕ್ಕಪ್ಪ ಹುಟ್ಟಾ ಕಿವುಡನಂತೆ. ನಾನು ಚಹಾದ ಬಶಿಯನ್ನು ಕೆಳಗಿಟ್ಟೆ.

ಆಗ ಒಳಗಿನಿಂದ ಅವನ ತಾಯಿ, ಹುಡುಗಿಯ ಅಜ್ಜಿ ಬಂದಳು. ತುಳಸಾಬಾಯಿ ಎಂದರು. ನನ್ನ ಪಕ್ಕದಲ್ಲಿ ಕೂತು, "ನೀವು ಯಾ ಊರ ಮಗಳ್ರಿ?" ಎಂದಳು. ಇಜೇರಿ ಎಂದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು. "ಇಜೇರ್ಯಾಗ ಯಾರ ಮನಿ?" ಹೇಳಿದೆ. ಎಲೆಯನ್ನು ಬದಿಗಿಟ್ಟಳು.

"ಹಿತ್ತಲ್ದಾಗ ಬೇವಿನ ಗಿಡ ಅದ ಏನ ಇನ್ನಾ? ಪಂಚಮಿ ಜೋಕಾಲಿ ಆಡುವಾಗ ಟೊಂಗಿ ಮುರದು ನಮ್ಮಣ್ಣ ಬಿದ್ದಿದ್ದ. ಕಾಲ ನೆಟ್ಟಗಾತೇನ ಅವಂದು?"

ಕಾಶಿ, ನಮ್ಮಪ್ಪ ಸಾಯುವವರೆಗೂ ಕುಂಟುತ್ತಿದ್ದ. ಬೇವಿನ ಗಿಡದಿಂದ ಬಿದ್ದದ್ದು ಎಂದೇ ಹೇಳುತ್ತಿದ್ದ.

"ನೀವು ಯಾರ್ರಿ?" ಎಂದೆ.

"ನಾ ಗೌರಾಬಾಯಿ. ಇಲ್ಲಿಗೆ ಬಂದ ದಿನಾನ ತುಳಸಾಬಾಯಿ ಅಂತ ಹೆಸರಿಟ್ರು. ಗೌರಾ ಅಂತ ಕರದವರು ಆಮ್ಯಾಲ ಯಾರೂ ಇಲ್ಲವ್ವ."

ನಮ್ಮಪ್ಪನ ತಂಗಿ, ನನ್ನ ಸೋದರತ್ತೆ! ನಾನು ಹುಟ್ಟುವ ಮೊದಲೇ ಅವಳ ಮದುವೆಯಲ್ಲಿ ಬೀಗರ ಎತ್ತುಗಳಿಗೆ ಮೇವು ಸಾಲಲಿಲ್ಲವೆಂದು ಜಗಳವಾಗಿ, ಎರಡೂ ಮನೆಯವರು ಮುಖ ತಿರುಗಿಸಿದ್ದರು. ಮಹಾರಾಷ್ಟ್ರದ ಕಡೆ ಕೊಟ್ಟ ಗೌರಾ ಎಂದು ಕೇಳಿದ್ದೆ, ಅಷ್ಟೇ. ಆಳಂದದ ಕಡೆ ಸೊಸೆಗೆ ಹೊಸ ಹೆಸರಿಡುತ್ತಾರೆಂದು ಮೂರು ತಾಲೂಕು ಬಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹುಡುಗಿಯ ಅಪ್ಪನ ಬೆಡಗು ಕೇಳಿದೆ, ಅಜ್ಜಿ ಯಾರ ಮಗಳೆಂದು ಕೇಳಲಿಲ್ಲ. ಯಾರ ಮನೆಯಲ್ಲೂ ಎಂದೂ ಕೇಳಿಲ್ಲ.

ಬಸ್ಸಿನಲ್ಲಿ ನಿನ್ನ ಸುತ್ತು, ಚೌಕ ಎಲ್ಲ ಕಣ್ಣ ಮುಂದೆ ಬಂದವು. ಗಂಗಿಯ ಚೀಟಿ ಅವಳಪ್ಪನಿಂದ, ಇಜೇರಿಯದು. ಜಗದೇವನ ಚೀಟಿ? ಅವನಪ್ಪನ ಕಡೆ ಯಾರೂ ಕಿವುಡರಿಲ್ಲ. ಅದು ನನ್ನದು, ಕಾಶಿ. ನಾನೇ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಈ ಮನೆಗೆ ಹಾಕಿದ್ದೇನೆ.

ಜೇವರ್ಗಿಯಲ್ಲಿ ಅವರಿಬ್ಬರೂ ಇಳಿದರು. ನಾನು ಇಳಿಯಲಿಲ್ಲ. "ಎಲ್ಲಿಗಿ ವೈನಿ?" ಎಂದ ಶಾಂತಲಿಂಗಪ್ಪ. "ತವರಿಗೆ" ಎಂದೆ. ಜಗದೇವ ನನ್ನ ಮುಖ ನೋಡಿದ, ಮತ್ತೆ ಬಸ್ಸು ಹತ್ತಿದ.

ಇಜೇರಿಯಲ್ಲಿ ಗಂಗಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಸೆರಗು ಎಳೆದುಕೊಂಡು ಎದ್ದು ನಿಂತಳು. ಶಿವು ಓಡಿ ಬಂದು ನನ್ನ ಕಾಲು ಅಪ್ಪಿಕೊಂಡು ಮೂಗು ಹಿಡಿದ. ನಾನು ಅಂಗಳದಲ್ಲೇ ಕೂತುಬಿಟ್ಟೆ.

"ಗಂಗಿ," ಎಂದೆ, "ಚೀಟಿ ಕೆಟ್ಟಾಕಿನ ತವರಿಗೆ ಕಳಸೂದs ನ್ಯಾಯ ಆದ್ರ ನಾನೂ ಬಂದೇನಿ. ನಂದೂ ಇದs ತವರು. ನನಗೂ ಒಂದು ಹಾಸಿಗಿ ಹಾಸು. ಇಲ್ಲಾಂದ್ರ ನೀ ಎದ್ದು ಮನಿಗಿ ನಡಿ, ನಿನ್ನ ಹಿಂದ ನಾನೂ ಬರ್ತೇನಿ."

ಗಂಗಿ ಅಳಲಿಲ್ಲ. "ಜ್ವಾಳ ಹಸನ ಆಗೂತನಾ ಕುಂದರ್ರಿ" ಎಂದು ನನ್ನ ಮುಂದೆ ಒಂದು ಮೊರ ಸರಿಸಿದಳು. ಇಬ್ಬರೂ ಹಸನು ಮಾಡಿದೆವು. ತಡವಾಗಿ ನಾನು, "ತಪ್ಪಾತವ್ವ" ಎಂದೆ. ಅವಳು, "ಹಳ್ಳ ಕಲ್ಲ ಬಿಡಬ್ಯಾಡ್ರಿ, ಆ ಕಡಿ ನೋಡ್ರಿ" ಎಂದಳು. ನನ್ನ ಸೊಸೆ ನನ್ನಂಥವಳೇ.

ಮರುದಿನ ನಾಲ್ವರೂ ಜೇವರ್ಗಿಗೆ ಬಂದೆವು. ನಿನ್ನ ಪತ್ರವನ್ನು ಈಗ ಶಾಂತಲಿಂಗಪ್ಪನಿಂದಲೇ ಎಲ್ಲರ ಮುಂದೆ ಓದಿಸಿದ್ದೇನೆ, ಒಂದಕ್ಷರ ಬಿಡದೆ.

ನಿನ್ನ ಹಾಳೆಯಲ್ಲಿ ಖಾಲಿ ಸುತ್ತುಗಳಿದ್ದವಲ್ಲ, ನಮ್ಮಪ್ಪನ ಪಕ್ಕದ ಸುತ್ತಿನಲ್ಲಿ ಗೌರಾಬಾಯಿ ಎಂದು ಬರೆ.

ಹೀರಾಬಾಯಿ

---

ದೆಹಲಿ
12 ಏಪ್ರಿಲ್ 1984

ಅತ್ತೆ,

ಬರೆದೆ. ಸುತ್ತನ್ನು ದೊಡ್ಡದಾಗಿಯೇ ಬರೆದೆ.

ಡಾಕ್ಟರಾಗಿ ಒಂದು ಮಾತು ಸೇರಿಸಬೇಕು. ಎರಡೂ ಮನೆಯ ಕಿವುಡಿಗೆ ಒಂದೇ ಕಾರಣ ಎಂದು ಆಣೆ ಮಾಡಿ ಹೇಳಲು ನಮ್ಮ ಹತ್ತಿರ ಇನ್ನೂ ಪರೀಕ್ಷೆಯಿಲ್ಲ. ಗೌರಜ್ಜಿಯ ಗಂಡನ ಕಡೆಯೂ ಒಂದು ಚೀಟಿ ಇದ್ದಿರಬೇಕು, ಅಂಥವು ಎಷ್ಟೋ ಮನೆಗಳಲ್ಲಿ ಸುಮ್ಮನೆ ಕೂತಿರುತ್ತವೆ. ನನ್ನ ಹತ್ತಿರವೂ ಇರಬಹುದು. ನೀವು ಹೊತ್ತು ತಂದದ್ದು ನಿಮ್ಮ ತಪ್ಪಲ್ಲ, ಗಂಗಿಯದು ತಪ್ಪಲ್ಲದ ಹಾಗೆಯೇ.

ನನ್ನ ಸಿಟ್ಟು ಪೂರ್ತಿ ಹೋಗಿಲ್ಲ. ನೀವು ನಿಮ್ಮದನ್ನು ಇಟ್ಟುಕೊಂಡಿದ್ದೀರಲ್ಲ, ನಾನೂ ಸ್ವಲ್ಪ ಇಟ್ಟುಕೊಳ್ಳುತ್ತೇನೆ.

ಪರೀಕ್ಷೆ ಪಾಸಾದೆ. ಇಲ್ಲೇ ಇರು ಎನ್ನುತ್ತಿದ್ದಾರೆ. ಗುಲ್ಬರ್ಗಕ್ಕೆ ಬರುತ್ತೇನೆಂದು ಹೇಳಿಬಿಟ್ಟೆ. ಅಲ್ಲಿ ಮಕ್ಕಳಿಗೊಂದು ದವಾಖಾನೆ ತೆರೆದರೆ ಮೂರು ತಾಲೂಕಿನ ಅಜ್ಜಿಯರ ತವರು ವಿಚಾರಿಸಲು ನನಗೊಬ್ಬರು ಬೇಕು. ಸಂಬಳವಿಲ್ಲ. ನಶ್ಯ ಕೊಡಿಸುತ್ತೇನೆ.

ನಿಮ್ಮ
ಕಾಶಿ

---

ಜೇವರ್ಗಿ
10 ಮೇ 1987

ಡಾಕ್ಟರ್ ಬಾಯಿಯವರಿಗೆ,

ಈ ಗುರುವಾರ ನಿನ್ನ ದವಾಖಾನೆಗೆ ಅಫಜಲಪುರದ ಎರಡು ಮನೆಯವರನ್ನು ಕಳಿಸುತ್ತಿದ್ದೇನೆ. ಮುತ್ತಜ್ಜಿಯರ ತವರು, ಹಳೆಯ ಹೆಸರು, ಹೊಸ ಹೆಸರು, ಎಲ್ಲ ಕೇಳಿ ಮುಗಿಸಿದ್ದೇನೆ. "ನೆಂಟಸ್ತನ ಮಾಡಸ್ತೀರೋ ಪೊಲೀಸ್ ಕೆಲಸ ಮಾಡಾಕತ್ತೀರೋ?" ಎಂದು ಒಬ್ಬ ಮುದುಕ ಬೈದ. ಬೈಯಲಿ.

ಗಂಗಿಯ ಹೆಣ್ಣುಕೂಸನ್ನು ತೊಟ್ಟಿಲಿಗೆ ಹಾಕಿದೆವು. ಅವಳೇ ಗೌರಾಬಾಯಿ ಎಂದು ಹೆಸರಿಟ್ಟಳು. ಆಳಂದದಿಂದ ಮುದುಕಿ ಬಂದು ಕಿವಿಯಲ್ಲಿ ತನ್ನ ಹೆಸರನ್ನು ತಾನೇ ಕೂಗಿದಳು. ಮುಂದೆ ಯಾವ ಮನೆಗೆ ಹೋದರೂ ಈ ಹೆಸರು ಬದಲಾಗಬಾರದೆಂದು ನಾನು ಈಗಲೇ ಸಾರಿದ್ದೇನೆ.

ತಾಟು ಬಡಿದು ನೋಡಿ ಬರೆಯಿರಿ ಎಂದು ನೀನು ಹೇಳಿದ್ದೆ. ತಾಟು ಗೋಡೆಯ ಮಾಡದಲ್ಲೇ ಇದೆ. ಗಂಗಿ ಕೇಳಲಿಲ್ಲ, ನಾನೂ ತೆಗೆಯಲಿಲ್ಲ. ಹೇಗಿದ್ದರೂ ಈ ಮನೆಯಲ್ಲಿ ಈಗ ಎಲ್ಲರಿಗೂ ಕೈಮಾತು ಬರುತ್ತದೆ, ಶಾಂತಲಿಂಗಪ್ಪ ಕೂಡ ಕೈಯಲ್ಲೇ ಬೈಯುತ್ತಾನೆ.

ಆದರೆ ಇಷ್ಟು ಬರೆಯುವಷ್ಟರಲ್ಲಿ ಮದೀನಾಬಿ ನಳದ ಹತ್ತಿರ ಕೊಡ ಕೆಡವಿದಳು. ಕೂಸು ಬೆಚ್ಚಿ ಬಿದ್ದು ಕಿಟಾರನೆ ಅತ್ತಿತು. ಗಂಗಿ ಒಲೆಯ ಮುಂದಿನಿಂದ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಶಾಲೆಯ ರಜೆಗೆ ಬಂದಿರುವ ಶಿವು ಅಂಗಳದಲ್ಲಿ ಕೂತು ನಮ್ಮ ಮುಖಗಳನ್ನೇ ನೋಡುತ್ತಿದ್ದ. ಯಾಕೆ ನಗುತ್ತೀರಿ ಎಂದು ಕೈಯಲ್ಲಿ ಕೇಳಿದ. ನನಗೆ ಒಂದು ಕ್ಷಣ ಕೈ ಏಳಲಿಲ್ಲ. ಆಮೇಲೆ, ನಿನ್ನ ತಂಗಿ ಎದ್ದಳು, ನಿನ್ನನ್ನು ಕರೆಯುತ್ತಿದ್ದಾಳೆ ಎಂದೆ. ಅವನು ಓಡಿ ಬಂದು ತೊಟ್ಟಿಲು ತೂಗತೊಡಗಿದ. ಈಗಲೂ ತೂಗುತ್ತಿದ್ದಾನೆ, ಕೂಸು ಸುಮ್ಮನಾಗಿದೆ.

ಹೀರಾಬಾಯಿ